ಮಸರಕಲ್ ಹತ್ತಿರ ಕಳಚಿಕೊಂಡ ಗಾಡಿ

ಆ ಗಾಡಿಯನ್ನು ಅವ್ವನಿಗೋಸ್ಕರ ಮಾಡಿಸಿದೆ ಎಂದು ಅಣ್ಣ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ನಾನು ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಫೋನಿನಲ್ಲಿ ಯಾರದೋ ವಿಡಿಯೋ ನೋಡಿ ಅವನಿಗೆ ಹುಚ್ಚು ಹಿಡಿದಿತ್ತು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಸಣ್ಣ ಮನೆ ಅದು. ಎರಡು ಗಾಲಿ, ತಗಡಿನ ಗೋಡೆ, ಒಳಗೊಂದು ಮಂಚ, ಗ್ಯಾಸಿನ ಒಲೆ, ಮಂಚದ ಮೇಲ್ಗಡೆ ನೀರಿನ ಟಾಕಿ. ನಮ್ಮ ರಾಯಚೂರಿನದೇ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ದಿನವೂ ಎದುರಿಗೆ ನಿಂತು ಮಾಡಿಸಿದ. ಮನೆಗೆ ತಂದವನು ಅದನ್ನು ಸೀದಾ ಅತ್ತಿಗೆಯ ಅಡುಗೆಮನೆ ಬಾಗಿಲಿಗೆ ಅಡ್ಡ ನಿಲ್ಲಿಸಿದ. ನಾಲ್ಕು ತಿಂಗಳು ಆಕೆ ಬಟ್ಟೆ ಒಣಹಾಕಲು ಹೋಗಬೇಕಾದರೂ ಗೋಡೆಗೂ ತಗಡಿಗೂ ನಡುವೆ ಮೈ ಉಜ್ಜಿಕೊಂಡೇ ಹೋಗುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವ್ವ ಅಣ್ಣನ ಮನೆಯಲ್ಲಿದ್ದಳು. ನನ್ನ ಮನೆ, ಹೊಲಿಗೆಯ ಅಂಗಡಿ ಎರಡೂ ಎರಡು ಓಣಿ ಆಚೆ. ಅವ್ವನ ವಿಷಯದಲ್ಲಿ ಏನೇ ಇದ್ದರೂ ತೀರ್ಮಾನ ಅವನದು, ಕೆಲಸ ಮಾತ್ರ ತಂಗಿಯಾದ ನನ್ನದು ಮತ್ತು ಅತ್ತಿಗೆಯದು. ಅವ್ವನಿಗೆ ಮೊಣಕಾಲು ನೋವು. ದೇವದುರ್ಗದ ತನ್ನ ತಂಗಿಯನ್ನೂ ಮಾನ್ವಿಯ ತವರನ್ನೂ ಒಮ್ಮೆ ನೋಡಿ ಬರಬೇಕೆಂದು ವರ್ಷದಿಂದ ಹೇಳುತ್ತಿದ್ದಳು. ಕೊನೆಗೊಂದು ದಿನ ಅಣ್ಣ ಜೀಪಿಗೆ ಗಾಡಿ ಕಟ್ಟಿದ. ನನ್ನನ್ನು ಕರೆದದ್ದು ಅವ್ವನನ್ನು ಎತ್ತಿ ಇಳಿಸಲಿಕ್ಕೆ.

ಹೊರಡುವ ದಿನ ಚಕ್ರ ನೋಡಲು ಬಂದ ವೆಲ್ಡಿಂಗಿನವನು ಸ್ಪಷ್ಟವಾಗಿ ಹೇಳಿದ. "ಓಡೋವಾಗ ಇದರಾಗ ಮಂದಿ ಕುಂಡ್ರಬಾರದ್ರಿ. ನಿಂತಾಗಷ್ಟೇ." ಅಣ್ಣ ತಲೆಯಾಡಿಸಿದ. ಅವ್ವನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂಡಿಸಿ, ನಾನೂ ಅತ್ತಿಗೆಯೂ ಹಿಂದೆ ಕೂತೆವು.

ಕಲ್ಮಲದಲ್ಲಿ ಚಹಾ ಕುಡಿದದ್ದು ಮೊದಲ ತಪ್ಪು. ನಿಂತ ಜಾಗದಿಂದ ಹೊರಬರಲು ಹಿಂದಕ್ಕೆ ಬರಬೇಕಿತ್ತು, ಅಣ್ಣನಿಗೆ ಅದು ಬರುತ್ತಿರಲಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತಿತ್ತು. ಮೂರನೆಯ ಸಲ ಅದು ಮಡಚಿಕೊಂಡು ಹೋಗಿ ಚಹಾ ಅಂಗಡಿಯ ನೀರಿನ ಕೊಡಗಳ ಸ್ಟ್ಯಾಂಡಿಗೆ ಬಡಿಯಿತು. ಎರಡು ಕೊಡ ಉರುಳಿದವು.

"ಏನ್ರೀ, ಗಾಡಿ ಹೊಡಿಯಾಕ ಬರ್ತದೋ ಇಲ್ಲೋ?" ಎಂದು ಅಂಗಡಿಯವನು ಎದ್ದು ಬಂದ.

"ನೀ ರಸ್ತೆದಾಗ ಕೊಡ ಇಟ್ರ ನಾ ಏನ್ ಮಾಡ್ಲಿ?" ಎಂದು ಅಣ್ಣ ಅವನ ಮೇಲೇ ಹರಿಹಾಯ್ದ.

ಕೊನೆಗೆ ಕೊಂಡಿ ಬಿಚ್ಚಿ, ಗಾಡಿಯನ್ನು ಕೈಯಿಂದಲೇ ತಳ್ಳಿ ತಿರುಗಿಸಿ, ಮತ್ತೆ ಜೀಪಿಗೆ ಜೋಡಿಸಬೇಕಾಯಿತು. ದಪ್ಪ ಪಿನ್ನು ಕೊಂಡಿಯೊಳಗೆ ಇಳಿಯಿತು. ಅದು ಮೇಲೆ ಹಾರದಂತೆ ಕೆಳಗೊಂದು ಕ್ಲಿಪ್ಪು ಸಿಕ್ಕಿಸಬೇಕು. ಅಣ್ಣ ಅದನ್ನು ನನ್ನತ್ತ ಎಸೆದ. ನಾನು ಹಿಡಿಯುವಷ್ಟರಲ್ಲಿ ನೆಲಕ್ಕೆ ಬಿತ್ತು.

"ಕೈಗೇನ್ ಲಕ್ವಾ ಹೊಡದದೇನ್ ನಿಂಗ? ಅದೊಂದರ ನೆಟ್ಟಗ ಮಾಡು."

ಚಹಾ ಕುಡಿಯುತ್ತ ಕೂತಿದ್ದ ಗಂಡಸರು ನಕ್ಕರು. ನಾನು ಕ್ಲಿಪ್ಪನ್ನು ಎತ್ತಿ ಬೆಂಚಿನ ಮೇಲಿಟ್ಟು, "ನೀನ ಹಾಕ್ಕೋ" ಅಂದೆ. ಅವನು ಆಗಲೇ ಅಂಗಡಿಯವನ ಕಡೆ ತಿರುಗಿ ಕೂಗಾಡುತ್ತಿದ್ದ. ಅವನಿಗೆ ಕೇಳಿಸಿರಲಿಕ್ಕಿಲ್ಲ. ಕೇಳಿಸುವ ಹಾಗೆ ನಾನು ಹೇಳಿಯೂ ಇರಲಿಲ್ಲ. ಪಿನ್ನು ಭಾರದ್ದು, ತಾನಾಗಿ ಎಲ್ಲಿಗೆ ಹೋದೀತು ಅಂದುಕೊಂಡು ಜೀಪು ಹತ್ತಿದೆ.

ಗಬ್ಬೂರು ಸಮೀಪಿಸುವಾಗ ಹಿಂದಿನಿಂದ ನೀರು ಸೋರುತ್ತಿರುವುದನ್ನು ಬೈಕಿನವನೊಬ್ಬ ಕೈ ಮಾಡಿ ತೋರಿಸಿದ. ಇಳಿದು ನೋಡಿದರೆ ಟಾಕಿಯ ಮುಚ್ಚಳ ಹಾರಿ ಅರ್ಧ ಹಾಸಿಗೆ ತೊಯ್ದಿತ್ತು. ಕಂಠಮಟ್ಟ ತುಂಬಿಸಿದವಳು ನಾನೇ ಎಂದು ಅಣ್ಣ ಮತ್ತೆ ಶುರು ಮಾಡಿದ. ತುಂಬಿಸು ಎಂದವನು ಅವನೇ. ಅತ್ತಿಗೆ ಹಾಸಿಗೆಯನ್ನು ಹಿಂಡಿ, ತೊಯ್ಯದ ಮಗ್ಗುಲು ಮೇಲೆ ಬರುವಂತೆ ಮಗುಚಿ ಹಾಕಿದಳು. ಆಗ ನನ್ನ ಕಣ್ಣು ಕೊಂಡಿಯ ಮೇಲೆ ಹೋಯಿತು. ಪಿನ್ನು ಇತ್ತು. ಕ್ಲಿಪ್ಪು ಇರಲಿಲ್ಲ.

ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ಆದರೆ ಹೇಳಿದರೆ ಅವನು ಇನ್ನೊಂದು ಗಂಟೆ ಬಯ್ಯುತ್ತಾನೆ, ಮುಂದೆ ಹತ್ತು ವರ್ಷ ಬಂದವರಿಗೆಲ್ಲ ಹೇಳುತ್ತಾನೆ. ನಿನ್ನ ಗಾಡಿ, ನೀನೇ ನೋಡಿಕೋ ಎಂದು ಹಲ್ಲು ಕಚ್ಚಿ ಸುಮ್ಮನಾದೆ.

ಅಷ್ಟರಲ್ಲಿ ಅವ್ವ ಕಾಲು ಜೋಮು ಹಿಡಿದಿದೆ ಎಂದು ನರಳಿದಳು. ಅಣ್ಣ ಆಕೆಯನ್ನು ಗಾಡಿಯೊಳಗೆ ಮಲಗಿಸಲು ಹೊರಟ.

"ಬ್ಯಾಡ ಅಣ್ಣಾ. ಆತ ಹೇಳಿಲ್ಲೇನು, ಓಡೋವಾಗ ಕುಂಡ್ರಬಾರದು ಅಂತ?"

"ಹಂಗಾರ ಮಂಚ ಯಾತಕ್ಕ ಹಾಕ್ಸೀನಿ? ನಿನ್ನ ಮಾತು ಕೇಳಿ ಗಾಡಿ ಮಾಡ್ಸಿಲ್ಲ ನಾ."

ಅವ್ವ ನಮ್ಮಿಬ್ಬರ ಮುಖ ನೋಡಿ, "ಜಗಳ ಬ್ಯಾಡ, ನಾ ಮಕ್ಕೊಂತೀನಿ" ಅಂದಳು. ನಾನೇ ಆಕೆಯನ್ನು ಎತ್ತಿ ಒಳಗೆ ಹತ್ತಿಸಿದೆ. ಆಗಲೂ ಕ್ಲಿಪ್ಪಿನ ಮಾತು ಬಾಯಿಂದ ಹೊರಡಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಮಸರಕಲ್ ಹತ್ತಿರದ ಒಂದು ರೋಡ್ ಹಂಪಿನ ಮೇಲೆ ಜೀಪು ಧಡಕ್ಕೆಂದು ಹಾರಿತು, ಆಮೇಲೆ ಒಮ್ಮೆಲೇ ಹಗುರಾಯಿತು. ತಿರುಗಿ ನೋಡಿದರೆ ಹಿಂದೆ ಗಾಡಿಯಿಲ್ಲ. ಅದು ಮೂತಿಯಿಂದ ರಸ್ತೆ ಕೆರೆಯುತ್ತ ಎಡಕ್ಕೆ ಹೊರಳಿ, ಹತ್ತಿ ಹೊಲದ ಬದುವಿಗೆ ಗುದ್ದಿ ವಾಲಿ ನಿಂತಿತ್ತು.

ಬರಿಗಾಲಲ್ಲಿ ಓಡಿದೆ. ಬಾಗಿಲು ಸಿಕ್ಕಿಕೊಂಡಿತ್ತು. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಓಡಿ ಬಂದು ಎಳೆದರು. ಅವ್ವ ಒಲೆಗೂ ಮಂಚಕ್ಕೂ ನಡುವೆ ಬಿದ್ದಿದ್ದಳು. ಎಡಗೈ ಮಣಿಕಟ್ಟು ಸೊಟ್ಟಾಗಿತ್ತು. ಅಳುತ್ತಿರಲಿಲ್ಲ. "ಯವ್ವಾ, ಯವ್ವಾ" ಎಂದು ತನ್ನ ಸತ್ತ ತಾಯಿಯನ್ನು ಕರೆಯುತ್ತಿದ್ದಳು.

ಹೊರಗೆ ಅಣ್ಣ ಬಗ್ಗಿ ಕೊಂಡಿ ನೋಡುತ್ತಿದ್ದ.

"ಕ್ಲಿಪ್ಪು ಎಲ್ಲದ?" ಎಂದು ಕಿರುಚಿದ. "ಕ್ಲಿಪ್ಪು ಹಾಕಿದ್ಯೋ ಇಲ್ಲೋ?"

"ಅವ್ವನ್ನ ಒಳಗ ಹಾಕ್ದಾಂವ ನೀನು!" ಎಂದು ನಾನೂ ಕಿರುಚಿದೆ. ಅದು ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಹೊಲದೊಡತಿ, ಅವ್ವನಷ್ಟೇ ವಯಸ್ಸಿನ ಹೆಂಗಸು, ತನ್ನ ತಲೆಯ ವಸ್ತ್ರ ಬಿಚ್ಚಿ ಅವ್ವನ ಕೈಗೆ ಜೋಳಿಗೆ ಕಟ್ಟಿದಳು. "ಹೆತ್ತಾಕಿನ್ನ ಹತ್ತಿ ಮೂಟಿ ಹಂಗ ಹೇರ್ಕೊಂಡು ಹೊಂಟೀರಲ್ಲ, ನಾಚಿಕಿ ಬರಂಗಿಲ್ಲೇನು? ಬಡದಾಡೂದು ಆಮ್ಯಾಲ, ಮೊದಲ ದವಾಖಾನಿಗಿ ನಡೀರಿ" ಅಂದಳು. ಗಾಡಿಯನ್ನು ಬದುವಿನಲ್ಲೇ ಬಿಟ್ಟು ಅವ್ವನನ್ನು ಜೀಪಿಗೆ ಹತ್ತಿಸಿದೆವು.

ದೇವದುರ್ಗದ ದವಾಖಾನೆಯಲ್ಲಿ ಎಲುಬು ಕೂಡಿಸಿ ಪಟ್ಟಿ ಹಾಕಿದರು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಅಣ್ಣ ನನ್ನತ್ತ ಬೆರಳು ಮಾಡಿ, "ಇಕಿ ಕ್ಲಿಪ್ಪು ಹಾಕಲಿಲ್ರಿ" ಅಂದ. "ನನ್ನ ಕೈಗಿ ಕೊಟ್ಟೇ ಇಲ್ರಿ" ಅಂದೆ. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಚಿಕ್ಕವ್ವನ ಮನೆಯಲ್ಲಿ ಅವ್ವನನ್ನು ಮಲಗಿಸಿದ ಮೇಲೂ ನಮ್ಮ ಬಾಯಿ ನಿಲ್ಲಲಿಲ್ಲ. ಕೊನೆಗೆ ಅವ್ವ ಸರಿಯಿದ್ದ ಕೈಯಿಂದ ಮಂಚದ ಪಟ್ಟಿ ಬಡಿದಳು. "ನಾ ತಂಗಿನ್ನ ಕರ್ಕೊಂಡು ಬಸ್ಸಿಗಿ ಮಾನ್ವಿಗಿ ಹೋಗ್ತೀನಿ. ನೀವು ಮೂರೂ ಮಂದಿ ನನ್ನ ಕಣ್ಮುಂದಿಂದ ನಡೀರಿ."

ಹೋಗದೆ ವಿಧಿಯಿರಲಿಲ್ಲ. ರಾಯಚೂರಿಗೆ ವಾಪಸು ಹೊರಟ ಜೀಪಿನಲ್ಲಿ ಅಣ್ಣ ಒಬ್ಬನೇ ಮುಂದೆ, ಹಿಂದೆ ನಾವಿಬ್ಬರು. ಮಸರಕಲ್ ಇನ್ನೂ ಬಂದಿರಲಿಲ್ಲ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಕ್ಲಿಪ್ಪು ಬೆಂಚಿನ ಮ್ಯಾಲ ಇಟ್ಟೆ. ಗಬ್ಬೂರಾಗ ಇಲ್ಲದ್ದೂ ನೋಡೀನಿ. ಹೇಳಲಿಲ್ಲ."

ಜೀಪು ರಸ್ತೆ ಬದಿಗೆ ನಿಂತಿತು.

"ಇಳಿ" ಅಂದ.

ಇಳಿದೆ. ಇನ್ನೊಂದು ಬಾಗಿಲಿನಿಂದ ಅತ್ತಿಗೆಯೂ ಇಳಿದಳು. "ನೀ ಯಾಕ?" ಎಂದು ಅಣ್ಣ ಗದರಿದ.

"ಹಾಸಿಗಿ ಹಿಂಡೋವಾಗ ನಾನೂ ನೋಡೀನಿ" ಅಂದಳು ಅತ್ತಿಗೆ. "ಮುರಿದು ಬೀಳ್ಲಿ ಅಂತ ಸುಮ್ನಿದ್ದೆ. ಅತ್ತಿನ್ನ ಅದರಾಗ ಮಕ್ಕೊಳ್ಸಿದ ಮ್ಯಾಲೂ ಬಾಯಿ ಬಿಡಲಿಲ್ಲ."

ಅಣ್ಣ ಆಕೆಯನ್ನು ಒಂದು ಗಳಿಗೆ ನೋಡಿದ. ಇಬ್ಬರನ್ನೂ ಅಲ್ಲೇ ಬಿಟ್ಟು ಜೀಪು ಹೊಡೆದುಕೊಂಡು ಹೋದ.

ಬಿಸಿಲಲ್ಲಿ ನಾವಿಬ್ಬರೂ ನಿಂತೆವು. ಆಕೆ ಇಳಿದದ್ದು ನನ್ನ ಮೇಲಿನ ಪ್ರೀತಿಯಿಂದಲ್ಲ ಎಂದು ನನಗೆ ಗೊತ್ತಿತ್ತು. ಅವಳನ್ನು ನೋಡಿದರೆ ನನ್ನ ಮುಖವನ್ನೇ ನೋಡಿದ ಹಾಗಾಗುತ್ತಿತ್ತು, ಅದಕ್ಕೇ ನೋಡಲಿಲ್ಲ. ಅವಳೂ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ರಾಯಚೂರಿನ ಬಸ್ಸು ಬಂತು. ಒಂದೇ ಸೀಟು ಖಾಲಿಯಿತ್ತು. ನನಗಿಂತ ಮುಂಚೆ ಹತ್ತಿದ ಅತ್ತಿಗೆ ಅದರಲ್ಲಿ ಕೂತು ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ರಾಯಚೂರಿನವರೆಗೂ ಕಂಬಿ ಹಿಡಿದು ನಿಂತೇ ಬಂದೆ.