ಖರೇನ್ರಿ ಎಂದು ಕೇಳುತ್ತಿದ್ದ ದಾವಲಸಾಬರು

ದಾವಲಸಾಬರು ಒಂದು ಸಾಲು ಓದುವರು, ಕನ್ನಡಕವನ್ನು ಹಣೆಗೆ ಏರಿಸುವರು, ಎದುರಿಗೆ ಕುಳಿತ ಹೆಂಗಸರ ಮುಖ ನೋಡಿ, ಓದಿದ್ದು ನಿಜ ತಾನೇ ಎಂಬಂತೆ, "ಖರೇನ್ರಿ?" ಎಂದು ಕೇಳುವರು. ಎಲ್ಲರೂ "ಖರೆ ರೀ" ಎಂದ ಮೇಲೆಯೇ ಕನ್ನಡಕ ಮತ್ತೆ ಮೂಗಿಗೆ ಇಳಿಯುತ್ತಿತ್ತು. ಅಷ್ಟು ಭಕ್ತಿಯಿಂದ ಅವರು ಓದುತ್ತಿದ್ದದ್ದು ಪುರಾಣವನ್ನಲ್ಲ, ನಮ್ಮ ಕಚೇರಿಯ ತಿಂಗಳ ಪ್ರಗತಿ ವರದಿಯನ್ನು.

ಹುನಗುಂದದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಕೋಣೆಯೇ ನಮ್ಮ ಕಚೇರಿ. ಆಡು ಸಾಕುವ ಹೆಂಗಸರಿಗೆ ತರಬೇತಿ ಕೊಡುವುದು, ಅವರ ಆಡುಗಳಿಗೆ ಲಸಿಕೆ ಹಾಕಿಸುವುದು ನಮ್ಮ ಯೋಜನೆ. ದಾವಲಸಾಬರು ಮುಖ್ಯಸ್ಥರು, ನಾನು, ಸವಿತಾ ಮತ್ತು ಮಲ್ಲು ಅವರ ತಂಡ. ಊರುಗಳನ್ನು ಹಂಚಿಕೊಂಡಿದ್ದೆವು. ಮುಖ್ಯಸ್ಥರು ಕುರ್ಚಿ ಬಿಟ್ಟು ಏಳದಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆದರೆ ಅವರು ಶಿರೂರನ್ನು ತಮಗೇ ಇಟ್ಟುಕೊಂಡಿದ್ದರು. ಲಸಿಕೆಯ ಐಸ್ ಡಬ್ಬಿಯನ್ನು ಹಳೆಯ ಸ್ಕೂಟರಿನ ಹಿಂದೆ ಸೈಕಲ್ ಟ್ಯೂಬಿನಿಂದ ಬಿಗಿದುಕೊಂಡು ಹೊರಟರೆಂದರೆ ದಾರಿಯಲ್ಲಿ ಸಿಕ್ಕವರೆಲ್ಲ "ಐಸಕ್ಯಾಂಡಿ ಕೊಡ್ರಿ ಸಾಬರ" ಎಂದು ಕಾಡುತ್ತಿದ್ದರು. "ಇದು ಆಡಿನ ಐಸಕ್ಯಾಂಡಿ, ಚುಚ್ಚಲೇನು?" ಎಂದು ಅವರೂ ಬಿಡುತ್ತಿರಲಿಲ್ಲ.

ತಿಂಗಳ ಕೊನೆಗೆ ನಾಲ್ವರೂ ಬರೆದದ್ದನ್ನು ಕೂಡಿಸಿ, ಒಂದು ವರದಿ ಮಾಡಿ, ಬಾಗಲಕೋಟೆಯ ಮುಖ್ಯ ಕಚೇರಿಗೆ ಕಳಿಸಬೇಕು. ಬೇರೆ ತಂಡದವರು ಹೋದ ತಿಂಗಳಿನದನ್ನೇ ಊರಿನ ಹೆಸರು ಬದಲಿಸಿ ಕಳಿಸಿ ಆರಾಮಾಗಿ ಚಹಾ ಕುಡಿಯುತ್ತಿದ್ದರು. ನಮಗೆ ಆ ಸುಖವಿರಲಿಲ್ಲ. ವರದಿ ಹೊರಡುವ ಮೊದಲು ಅದನ್ನು ಆಯಾ ಊರಿಗೆ ಒಯ್ದು ಹೆಂಗಸರೆದುರು ಓದಲೇಬೇಕು.

"ಯಾರ ಬಗ್ಗೆ ಬರದೀರಿ, ಅವರ ಮುಂದ ಕುಂತ ಓದ್ರಿ. ಅವರು ಹೂಂ ಅಂದ್ರ ಕಳಸೂನು. ಇಲ್ಲಂದ್ರ ಅದು ವರದಿ ಅಲ್ಲ, ಬೆನ್ನ ಹಿಂದ ಆಡೋ ಮಾತು" ಎನ್ನುತ್ತಿದ್ದರು ದಾವಲಸಾಬರು.

ಮಲ್ಲುವಿಗೆ ಕಚೇರಿ ಭಾಷೆಯ ಮೇಲೆ ಬಹಳ ಪ್ರೀತಿ. ಬಾದಾಮಿ ಕಡೆಯ ಒಂದು ಹಳ್ಳಿಯ ತರಬೇತಿಯ ಬಗ್ಗೆ ಒಮ್ಮೆ "ಮಹಿಳೆಯರು ಅತ್ಯಂತ ಉತ್ಸಾಹದಿಂದ ಪಾಲ್ಗೊಂಡರು" ಎಂದು ಬರೆದಿದ್ದ. ದಾವಲಸಾಬರು ಓದಿ, ಕನ್ನಡಕ ಏರಿಸಿ, "ಖರೇನ್ರಿ?" ಎಂದರು. ಹೆಂಗಸರು ಮುಸಿಮುಸಿ ನಕ್ಕರು. ಕೊನೆಗೆ ಒಬ್ಬಾಕೆ, "ಎಲ್ಲೀ ಉತ್ಸಾಹ ರೀ, ಉಂಡ ಬಂದಿದ್ವಿ, ಬಿಸಲಿಗೆ ನಿದ್ದಿ ಹತ್ತಿತ್ತು" ಎಂದಳು. ಮಲ್ಲುವಿನ ಮುಖ ನೋಡುವಂತಿತ್ತು. ದಾವಲಸಾಬರು ಅಲ್ಲೇ ಹೊಡೆದುಹಾಕಿ ಬರೆದರು: "ಮಧ್ಯಾಹ್ನದ ಬಿಸಿಲಿಗೆ ಕೆಲವರು ತೂಕಡಿಸಿದರು. ಮುಂದಿನ ತರಬೇತಿ ಬೆಳಿಗ್ಗೆ ಇಡಬೇಕು." ಇದೇನು ವರದಿಯೋ ಹರಟೆಯೋ ಎಂದು ಬಾಗಲಕೋಟೆಯಿಂದ ಫೋನು ಬಂತು. ಇವರು ಸಮಾಧಾನವಾಗಿ, "ನಿದ್ದಿ ಬಂದದ್ದು ಖರೆ ಐತ್ರಿ ಸರ್ರ. ವ್ಯಾಳ್ಯಾ ಬದಲ ಮಾಡೂನು" ಎಂದರು. ಬದಲಾಯಿತು ಕೂಡ.

"ಲಸಿಕೆ ಹಾಕಲಾಗಿದೆ" ಎಂದು ಯಾರಾದರೂ ಬರೆದರೆ, "ಯಾರು ಹಾಕಿದ್ರು? ಆಡು ತಾವ ಹಾಕ್ಕೊಂಡ್ವೇನು?" ಎಂದು ಕೇಳುವರು. ಹೀಗೆ ಬೈಸಿಕೊಳ್ಳುತ್ತಲೇ ನಾವು ಬರೆಯುವುದನ್ನು ಕಲಿತೆವು.

ಹೋದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಅವರಿಗೆ ಹೊಟ್ಟೆನೋವು ಹಿಡಿಯಿತು. ಓಂಕಾಳು ಅಗಿದುಕೊಂಡು ದಿನ ದೂಡಿದರು. ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಿದಾಗ ಒಳಗೆ ಗಡ್ಡೆ ಬಲಿತಿತ್ತು. ಶಿರೂರಿನ ಲಸಿಕೆ ಹಾಗೇ ಉಳಿಯಿತು. ಕೆಲಸ ಮಾಡದವರ ಕರಾರು ಮುಂದುವರಿಸುವುದಿಲ್ಲ ಎಂದು ಮುಖ್ಯ ಕಚೇರಿಯಲ್ಲಿ ಅದೇ ಆಗ ಮಾತು ಎದ್ದಿತ್ತು. ಹಾಸಿಗೆ ಹಿಡಿದ ಮನುಷ್ಯನ ಕೈಯಿಂದ ಕೆಲಸವನ್ನೂ ಕಿತ್ತುಕೊಂಡರೆ ಅವರು ಅಲ್ಲೇ ಮುಗಿದುಹೋಗುತ್ತಾರೆ ಎಂದು ನಮಗೆ ಹೆದರಿಕೆ. ಸವಿತಾ ಬರೆದಳು: "ಶಿರೂರಿನಲ್ಲಿ ದಾವಲಸಾಬರು ಎಲ್ಲ ಆಡುಗಳಿಗೂ ಲಸಿಕೆ ಹಾಕಿಸಿದರು." ನಾನೂ ಮಲ್ಲುವೂ ತಲೆಯಾಡಿಸಿದೆವು. ಆಮೇಲೆ ಹೇಗಾದರೂ ಲಸಿಕೆ ಹೊಂದಿಸಿದರಾಯಿತು, ಈ ಸಲ ಶಿರೂರಿನ ಓದನ್ನು ಬಿಟ್ಟರಾಯಿತು ಎಂದುಕೊಂಡೆವು. ಅವರು ನಮಗಿಂತ ಚೆನ್ನಾಗಿ ನಮ್ಮನ್ನು ಬಲ್ಲವರು ಎಂಬುದು ಮರೆತೇ ಹೋಗಿತ್ತು.

ಆಸ್ಪತ್ರೆಯಿಂದ ಬಿಟ್ಟ ದಿನ ನನಗೆ ಅವರದೇ ಫೋನು ಬಂತು. "ಗಿರಿಜವ್ವ, ವರದಿ ತಗೊಂಡು ಶಿರೂರಿಗೆ ಬರ್ರಿ. ನಮ್ಮ ಗಾಡಿ ಆ ದಾರೀಲೇ ಬರ್ತೈತಿ. ಓದೇ ಮನೀಗೆ ಹೋಗೂನು."

ನಾವು ಮೂವರೂ ಹೋಗಿ ಕಾರಿನಿಂದ ಅವರನ್ನು ಇಳಿಸಿಕೊಂಡೆವು. ಅಂಗಿಯೊಳಗೆ ಮನುಷ್ಯನೇ ಇಲ್ಲವೇನೋ ಅನ್ನುವ ಹಾಗಿದ್ದರು. ಹೆಂಗಸರು ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಏನಾಯಿತು ಎಂದು ಯಾರೂ ಕೇಳಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ನಾನು ಓದುತ್ತೇನೆಂದರೆ ಕಾಗದ ಬಿಡಲಿಲ್ಲ. ತಾವೇ ನಿಧಾನವಾಗಿ ಓದುತ್ತ ಆ ಸಾಲಿಗೆ ಬಂದರು. ಅದನ್ನೂ ಓದಿ ಮುಗಿಸಿದರು. ಆಮೇಲೆ ಕನ್ನಡಕ ಹಣೆಗೇರಿತು.

"ಖರೇನ್ರಿ?"

ಹಿರಿಯಳಾದ ನೀಲವ್ವ ಮುಂದೆಯೇ ಕುಳಿತಿದ್ದಳು. ಅವಳ ಕರಿ ಆಡು ಗಬ್ಬವಾಗಿತ್ತು, ಸೂಜಿ ಬಿದ್ದಿರಲಿಲ್ಲ. ಅವಳು ದಾವಲಸಾಬರ ಕೈ ನೋಡಿದಳು, ನಮ್ಮನ್ನು ನೋಡಿದಳು.

"ಖರೆ ಐತೋ ತಮ್ಮಾ" ಎಂದಳು.

ಹಿಂದಿನಿಂದ ಉಳಿದವರೂ "ಖರೆ ರೀ, ಖರೆ ರೀ" ಎಂದರು.

ದಾವಲಸಾಬರು ಕನ್ನಡಕ ತೆಗೆದರು. ಅವರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಯಕ್ಕಾ, ನೀನೂ ಇವರ ಜೋಡಿ ಕೂಡಿದೇನು? ಕಾಗದದಾಗ ಹಾಕೇವಿ ಅಂತ ಹೋತಂದ್ರ ಸೂಜಿ ಮತ್ತ ಬರೂದಿಲ್ಲ. ಮಳಿ ಹತ್ತಿದ್ರ ಬ್ಯಾನಿ ಬರ್ತೈತಿ. ನನ್ನ ಮಾರಿ ನೋಡಿ ಅದು ನಿನ್ನ ಆಡು ಬಿಟ್ಟ ಹೋಗ್ತೈತೇನು?"

ಪೆನ್ನು ಕೇಳಿದರು. ಸವಿತಾ ಅಳುತ್ತಲೇ ಕೊಟ್ಟಳು. ಸಾಲನ್ನು ಹೊಡೆದುಹಾಕಿ, ಅಂಕುಡೊಂಕು ಅಕ್ಷರಗಳಲ್ಲಿ ಬರೆದು, ಓದಿದರು: "ದಾವಲಸಾಬ ಆಸ್ಪತ್ರೆಯಲ್ಲಿದ್ದ. ಶಿರೂರಿನ ಕೆಲಸ ಮಾಡಿಲ್ಲ. ಲಸಿಕೆ ತುರ್ತಾಗಿ ಬೇಕು. ಇನ್ನು ಮುಂದೆ ಅವನಿಂದ ಆಗುವುದಿಲ್ಲ. ಶಿರೂರನ್ನು ಗಿರಿಜಾ ನೋಡಿಕೊಳ್ಳಬೇಕು."

"ಈಗ ಹೇಳ್ರಿ. ಖರೇನ್ರಿ?"

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡು "ಖರೆ" ಎಂದಳು. ತಮ್ಮ ಕೈಯಾರೆ ತಮ್ಮನ್ನು ಕೆಲಸದಿಂದ ಇಳಿಸಿಕೊಂಡ ಆ ಮನುಷ್ಯ ಹೆಂಗಸರು ತಂದಿಟ್ಟ ಚುರಮರಿ ತಿನ್ನಲಾರದೆ, ಎರಡು ಗುಟುಕು ಚಹಾ ಕುಡಿದು ಕಾರು ಹತ್ತಿದರು.

ಲಸಿಕೆ ಬೇಗ ಬಂತು. ಮಳೆ ಹಿಡಿಯುವ ಮೊದಲೇ ಶಿರೂರಿನ ಓಣಿ ಓಣಿ ತಿರುಗಿ ಎಲ್ಲ ಆಡುಗಳಿಗೂ ಹಾಕಿಸಿದೆ. ಹುನಗುಂದದ ಅವರ ಮನೆಗೆ ಹೇಳಲು ಹೋದೆ. ಪಡಸಾಲೆಯಲ್ಲಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿ ಹೊರಳಿದರು.

"ಯಕ್ಕನ ಕರಿ ಆಡು?"

"ಮರಿ ಹಾಕೇತ್ರಿ ಸರ್ರ. ಆರಾಮ ಐತಿ."

"ನೀ ಕಣ್ಣಾರೆ ನೋಡಿದೇನು?"

"ನೋಡೇನ್ರಿ."

"ಹಂಗಾರ ಬರಿ" ಎಂದು ಕಣ್ಣು ಮುಚ್ಚಿದರು. ಮತ್ತೆ ಅವರ ಜೊತೆ ಮಾತಾಡುವುದು ಆಗಲಿಲ್ಲ.

ಆ ತಿಂಗಳ ವರದಿಯನ್ನು ಶಿರೂರಿನಲ್ಲಿ ನಾನೇ ಓದಬೇಕಾಯಿತು. ಅದೇ ಕಟ್ಟೆ, ಅದೇ ಹೆಂಗಸರು. ಕಂಬಳಿಯನ್ನೂ ಹಾಸಿದ್ದರು, ಅದರ ಮೇಲೆ ಯಾರೂ ಕೂರಲಿಲ್ಲ. "ಶಿರೂರಿನ ಎಲ್ಲ ಆಡುಗಳಿಗೂ ಗಿರಿಜಾ ಲಸಿಕೆ ಹಾಕಿಸಿದಳು" ಎಂದು ಓದಿ, "ಖರೇನ್ರಿ?" ಎಂದೆ. "ಖರೆ ರೀ" ಎಂದರು.

ಮುಂದಿನ ಸಾಲು ಓದಿದೆ: "ನಮ್ಮ ತಂಡದ ಮುಖ್ಯಸ್ಥರಾದ ದಾವಲಸಾಬರು ಈ ತಿಂಗಳು ತೀರಿಕೊಂಡರು."

ರೂಢಿಯ ಮಾತು, ನಾಲಿಗೆ ತಡೆಯಲಿಲ್ಲ. ತಲೆ ಎತ್ತಿ "ಖರೇನ್ರಿ?" ಎಂದುಬಿಟ್ಟೆ.

ಈ ಸಲ ಯಾರೂ "ಖರೆ" ಎನ್ನಲಿಲ್ಲ. ನೀಲವ್ವ ನೆಲ ನೋಡುತ್ತ ಕುಳಿತಿದ್ದಳು. ತಲೆ ಎತ್ತದೆ, "ಮುಂದ ಓದ ಯವ್ವಾ" ಎಂದಳು.

ಮುಂದೆ ನಾನು ಏನನ್ನೂ ಬರೆದಿರಲಿಲ್ಲ.