ಮೋಟಾರು ಒದ್ದ ದಿನ

ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಆತನದು ಒಂದೇ ಮೇಜಿನ ರಿಪೇರಿ ಅಂಗಡಿ. ಬೆಸುಗೆ ಕಡ್ಡಿ ಇಲ್ಲದ ಆತನ ಕೈಯನ್ನು ಕಂಡವರೇ ಇಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಬೆಸುಗೆ ಮಾಮ. ಮದುವೆಯ ಗೊಡವೆಗೆ ಹೋಗಲಿಲ್ಲ. ತನ್ನವಳೆಂದು ಇದ್ದದ್ದು ಅಕ್ಕ ಒಬ್ಬಳೇ, ತಾಯಿ ತೀರಿದ ಮೇಲೆ ಕೈತುತ್ತು ಕೊಟ್ಟು ಬೆಳೆಸಿದವಳು.

ಅಕ್ಕನ ಮನೆಯ ಹಿಂದಿನ ಕೋಣೆಯ ತುಂಬ ಗಾಜಿನ ತೊಟ್ಟಿಗಳು. ಅಕ್ಕ, ಬಾವ ಸೇರಿ ಹನ್ನೊಂದು ವರ್ಷ ಆರಿಸಿ, ಜೋಡಿ ಕಟ್ಟಿ, ಮರಿ ಮಾಡಿಸಿದ ಕೆಂಪು ಬಾಲದ ಮೀನುಗಳು. ಮಕ್ಕಳಿಲ್ಲದ ಮನೆಗೆ ಅವೇ ಮಕ್ಕಳು.

ಬಾವನ ಎದೆ ಕೈಕೊಟ್ಟು ಆಸ್ಪತ್ರೆ ಸೇರಿದಾಗ ಅಕ್ಕ ಅವರ ಮಗ್ಗುಲು ಬಿಟ್ಟು ಏಳುವಂತಿರಲಿಲ್ಲ. ಕರೆಂಟೋ ಹೊತ್ತುಗೊತ್ತಿಲ್ಲದೆ ಹೋಗುತ್ತಿತ್ತು. ಮೀನಿಗೆ ಉಸಿರು ಕಟ್ಟಬಾರದೆಂದು ಆತ, ತೊಟ್ಟಿಗಳಿಗೆಲ್ಲ ಗಾಳಿ ಊದುವ, ಬ್ಯಾಟರಿಯ ಪುಟ್ಟ ಪಂಪು ತಂದ. ಬ್ಯಾಟರಿ ಬೇಗ ಇಳಿಯದಿರಲೆಂದು ಅದನ್ನು ಹತ್ತು ನಿಮಿಷ ಓಡಿಸಿ ಐದು ನಿಮಿಷ ನಿಲ್ಲಿಸುವ ಬೋರ್ಡನ್ನು ತಾನೇ ಮಾಡಿದ.

"ನಿನ್ನ ತಮ್ಮ ರಿಪೇರಿ ಮಾಡಿದ ಫ್ಯಾನು ರೇಡಿಯೋ ಥರ ಹಾಡುತ್ತೆ ಕಣೇ. ಪಂಪು ಇನ್ನೇನು ಮಾಡುತ್ತೋ," ಎಂದು ಬಾವ ಮಲಗಿದಲ್ಲಿಂದಲೇ ಛೇಡಿಸಿದರು.

ಆತನ ಅಂಗಡಿಯಲ್ಲೊಂದು ರೂಢಿ. ಯಾವ ಬೋರ್ಡನ್ನೇ ಆಗಲಿ, ಮೋಟಾರಿನ ಜಾಗದಲ್ಲಿ ಬಲ್ಬು ಕಟ್ಟಿ ನೋಡುವುದು. ಈ ಬೋರ್ಡಿನಲ್ಲೂ ಎರಡು ದಿನ ಬಲ್ಬು ತಪ್ಪದೆ ಉರಿಯಿತು, ಆರಿತು. ಬಲ್ಬು ಬಡಪಾಯಿ, ಆರಿಸಿದರೆ ಸುಮ್ಮನಾಗುತ್ತದೆ. ಮೋಟಾರಿನ ಸುರುಳಿ ಹಾಗಲ್ಲ; ಕರೆಂಟು ನಿಂತ ಗಳಿಗೆಯೇ ತಿರುಗಿ ಒದೆಯುತ್ತದೆ. ಅದರ ಎರಡು ತಂತಿಗಳ ನಡುವೆ, ಗೆರೆಯಿರುವ ತುದಿ ಪ್ಲಸ್ಸಿಗೆ ಬರುವಂತೆ, ಅಕ್ಕಿಕಾಳಿನಷ್ಟು ಒಂದು ಡಯೋಡು ಬೆಸೆದರೆ ಆ ಒದೆ ಅಲ್ಲೇ ಅಡಗುತ್ತದೆ. ಇಲ್ಲದಿದ್ದರೆ ಒದೆ ತಿನ್ನುವುದು ಬೋರ್ಡು. ಆತನಿಗೆ ಗೊತ್ತಿಲ್ಲದ್ದೇನಲ್ಲ. ಬಲ್ಬು ಕೇಳಲಿಲ್ಲ, ಆತ ಹಾಕಲಿಲ್ಲ.

ಬೋರ್ಡನ್ನು ಪಂಪಿಗೆ ಕಟ್ಟಿ ಬಂದ ಮೇಲೆ ಮೊದಲ ಬೆಳಿಗ್ಗೆ ಹೋಗಿ ನೋಡಿದಾಗ ಪಂಪು ಓಡುತ್ತಿತ್ತು. ಎರಡನೆಯ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ವಾಸನೆ ಬಡಿಯಿತು. ಪಂಪನ್ನು ಓಡಿಸಿ ನಿಲ್ಲಿಸುವ ಬೋರ್ಡಿನ ಟ್ರಾನ್ಸಿಸ್ಟರು ಒದೆ ತಿಂದು ಸುಟ್ಟುಹೋಗಿತ್ತು, ಪಂಪು ನಿಂತಿತ್ತು, ಕೆಂಪು ಬಾಲಗಳೆಲ್ಲ ತೇಲುತ್ತಿದ್ದವು. ಒಂದೊಂದನ್ನೂ ಬರಿಗೈಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು.

ಸಂಜೆ ಆಸ್ಪತ್ರೆಯಲ್ಲಿ ಬಾವ ಮೊದಲು ವಿಚಾರಿಸಿದ್ದು ಮೀನುಗಳನ್ನೇ. ಚೆನ್ನಾಗಿವೆ ಎಂದ. ಅಕ್ಕ ಆತನ ಮುಖ ನೋಡಿದಳು. ಹೊರಡುವಾಗ ಮೆಟ್ಟಿಲ ತನಕ ಜೊತೆಗೆ ಬಂದಳು.

"ಎಷ್ಟು ಉಳಿದಿವೆಯೋ?"

"ಒಂದೂ ಇಲ್ಲಕ್ಕ. ನನ್ನದೇ ತಪ್ಪು."

ಅಕ್ಕ ಒಮ್ಮೆ ವಾರ್ಡಿನ ಬಾಗಿಲ ಕಡೆ ತಿರುಗಿ ನೋಡಿದಳು. ಬಾಯಿಗೆ ಬಂದಂತೆ ಬೈದಿದ್ದರೆ ಆತ ಬದುಕಿಕೊಳ್ಳುತ್ತಿದ್ದ.

"ಅವ್ರಿಗೆ ಹೇಳ್ಬೇಡ. ಆ ಮೀನುಗಳ ಆಸೆಯಲ್ಲೇ ಜೀವ ಹಿಡ್ಕೊಂಡಿದಾರೆ."

ಅಂದಿನಿಂದ ದಿನವೂ ಆತ ಮಂಚದ ಪಕ್ಕ ಕೂತು, ಯಾವ ಜೋಡಿ ಮೊಟ್ಟೆಯಿಟ್ಟಿತು, ಯಾವುದು ತಿನ್ನಲು ಹಟ ಮಾಡಿತು ಎಂದು ಹೆಣೆದು ಹೇಳುತ್ತಿದ್ದ. ಬಾವ ಚೇತರಿಸಿಕೊಳ್ಳುತ್ತ ಬಂದರು. ಒಂದು ಸಂಜೆ ಡಾಕ್ಟರು ನಾಳೆ ಮನೆಗೆ ಹೋಗಬಹುದು ಎಂದರು. ಬಾವ ಎದ್ದು ಕೂತು, ಅಕ್ಕನ ಕೈಯಿಂದ ಬಾಚಣಿಗೆ ತೆಗೆದುಕೊಂಡು ತಲೆ ಬಾಚತೊಡಗಿದರು. ಅಕ್ಕ, ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.