ಮೇಕೆ ಮರಿಗೊಂದು ನಿಪ್ಪಲ್

"ಪ್ಯಾಟೆಗೆ ಹೊಂಟ್ರಾ? ಹಂಗಾರೆ ಒಂದ್ ಹಾಲಿನ ನಿಪ್ಪಲ್ ತಗಬನ್ನಿ."

ಬೆಳಬೆಳಿಗ್ಗೆ ಒಂಟಿ ಗಂಡಸಿಗೆ ಇಂಥ ಆರ್ಡರ್ ಬಂದರೆ ಏನು ಮಾಡಬೇಕು ಹೇಳಿ? ನಾನಂತೂ ಕಕ್ಕಾಬಿಕ್ಕಿ.

ಹೋದ ತಿಂಗಳ ಮಾತು. ಕೇಳಿದ್ದು ಗಂಗಮ್ಮ. ಕ್ಯಾಸನೂರಿನ ಹತ್ತಿರ ಗೆಳೆಯನ ಹೊಲದ ತಗಡಿನ ಕ್ಯಾಬಿನ್‌ನಲ್ಲಿ ನಾನು ಠಿಕಾಣಿ ಹೂಡಿದ್ದೇನಲ್ಲ (ಬಂದದ್ದು ಪುಸ್ತಕ ಬರೆಯಲು, ಬರೆಯುತ್ತಿರುವುದು ಈ ಅಂಕಣ ಮಾತ್ರ!), ಅದರ ಪಕ್ಕದ ಮನೆಯಾಕೆ. ಆಕೆಯ ಮೇಕೆ ಮರಿ ಹಾಕಿ ಸತ್ತುಹೋಗಿತ್ತು. ಚಮಚದಲ್ಲಿ ಹಾಲು ಕುಡಿಸಿದರೆ ಮರಿಗೆ ನೆತ್ತಿಗೇರುತ್ತಿತ್ತು.

"ಮೊಮ್ಮಗಳ ಹಳೇ ಬಾಟ್ಲಿ ಐತೆ, ನಿಪ್ಪಲ್ ಹರಿದೋಗೈತೆ. ಸಂಜೆಯೊಳಗೆ ತಂದ್ರೆ ಮರಿ ಉಳೀತದೆ. ಇಲ್ದಿದ್ರೆ ಇಲ್ಲ ಮಾರಾಯ್ರೆ."

ಗಂಗಮ್ಮ ಸುಲಭಕ್ಕೆ ಅಳುವವಳಲ್ಲ. ಆದರೆ ಧ್ವನಿ ಸಣ್ಣಗಾಗಿತ್ತು.

ಮಂಗನ ಕಾಯಿಲೆ ತರುವ ಉಣುಗು ಕಚ್ಚದಂತೆ ಕಾಲಿಗೆ ಎಣ್ಣೆ ಸವರಿಕೊಂಡು ಹೊರಟೆ. ಮೊದಲು ಶಿಕಾರಿಪುರ, ಕನ್ನಡಕದ ಮುರಿದ ಕಾಲು ಹಾಕಿಸಲು. ಅಂಗಡಿಯಾತ ಉಣ್ಣುತ್ತಿದ್ದ ಡಬ್ಬಿ ಮುಚ್ಚಿಟ್ಟು ಕೆಲಸಕ್ಕೆ ಕೂತ. "ಕಣ್ಣು ಕಾಣದಂಗ ಎಲ್ಲಿ ತಿರಗ್ತೀರಿ? ಇಲ್ಲೇ ಕುಂದರ್ರಿ," ಎಂದು ಗದರಿದ. ಆಮೇಲೆ ಸೊರಬ, ಸ್ಟೌ ಬರ್ನರ್‌ಗೆ. ಸ್ಟೌ ರಿಪೇರಿಯಾತ ಹೊಸದನ್ನು ಮಾರಬಹುದಿತ್ತು. ಹಳೆಯದನ್ನೇ ಪಿನ್ನಿನಿಂದ ಚುಚ್ಚಿ, ಊದಿ, "ಇದೇ ಸಾಕು ಬಿಡಿ," ಎಂದು ಕೈಗಿತ್ತ. ಮೇಲೆ ಚಹಾ ಬೇರೆ! ಇದು ಶಾಪಿಂಗೋ, ನೆಂಟರ ಮನೆಯ ಓಡಾಟವೋ? ಖುಷಿಯಲ್ಲಿ ಸಂಜೆಯ ಬಸ್ಸು ಹತ್ತಿದೆ. ಊರು ದಾಟಿತು.

ಅಯ್ಯೋ ದೇವರೇ, ನಿಪ್ಪಲ್!

"ನಿಲ್ಸಿ, ನಿಲ್ಸಿ!" ಎಂದು ಕೂಗಿಕೊಂಡೆ. ಕಂಡಕ್ಟರ್ ಗಾಬರಿಯಿಂದ ಬಂದರು. ಸಂಗತಿ ಹೇಳಿದೆ. ಇಳಿದು ವಾಪಸ್ ಹೋದರೆ ನಮ್ಮ ಕಡೆಗೆ ಇನ್ನು ಬಸ್ಸಿಲ್ಲ. ಸರಿ, ಇಡೀ ಬಸ್ಸು ಮೀಟಿಂಗ್ ಸೇರಿತು.

"ಬಟ್ಟೆ ಅದ್ದಿ ಚೀಪಿಸ್ರಿ," ಎಂದರೊಬ್ಬರು.

"ಬಟ್ಟೇಲಿ ಹೊಟ್ಟೆ ತುಂಬ್ತದಾ? ಇವ್ರಿಗೆ ಕನ್ನಡಕ ನೆನಪಿತ್ತು, ಮರಿ ನೆನಪಿರ್ಲಿಲ್ಲ!" ಎಂದು ಹಿಂದಿನ ಸೀಟಿನ ಅಜ್ಜ ಝಾಡಿಸಿದ. (ಸುಳ್ಳೇನು ಹೇಳಲಿಲ್ಲ.)

ಮುಂದಿನ ಸೀಟಿನಲ್ಲಿ ಒಬ್ಬ ತಾಯಿ. ಅವಳ ಮಡಿಲಲ್ಲಿ ಮಗು, ಮಗುವಿನ ಬಾಯಲ್ಲಿ ಹಾಲಿನ ಬಾಟಲ್. ಆಕೆ ಮೀಟಿಂಗಿಗೆ ಸೇರಲೇ ಇಲ್ಲ. ಬಾಟಲ್ ಬಿಡಿಸಿಕೊಂಡಳು, ನಿಪ್ಪಲ್ ತೆಗೆದಳು, ಸೆರಗಲ್ಲಿ ಒರೆಸಿ ನನ್ನತ್ತ ಚಾಚಿದಳು.

"ಬೇಡಮ್ಮಾ, ಮಗು ಅಳುತ್ತೆ..."

"ಅಳ್ಲಿ ಬಿಡ್ರಿ. ಇವ್ಳಿಗೆ ನಾನಿದೀನಿ. ಅದಕ್ಕೆ ಯಾರಿದಾರೆ?"

ಮಗು ಕಿಟಾರನೆ ಕಿರುಚಿತು. ಅಲ್ಲಿಂದ ಅದರ ಪ್ರಯಾಣ ಮಡಿಲಿಂದ ಮಡಿಲಿಗೆ. ಝಾಡಿಸಿದ ಅಜ್ಜನೂ ಎತ್ತಿಕೊಂಡ. ಕಂಡಕ್ಟರ್ ಸೀಟಿ ಊದಿ ನಗಿಸಿದರು. ಎಂಥ ಜನ ಮಾರಾಯ್ರೆ ಇವರು!

ನಾನು ಇಳಿಯುವಾಗ ಆ ತಾಯಿ ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಮರಿ ಹೆಣ್ಣಾ, ಗಂಡಾ?" ಎಂದಷ್ಟೇ ಕೇಳಿದಳು.

ನನಗೆಲ್ಲಿ ಗೊತ್ತು? ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು.

ಗಂಗಮ್ಮ ದಾರಿಗೇ ಬಂದು ನಿಂತಿದ್ದಳು. ಬಾಟಲ್‌ಗೆ ನಿಪ್ಪಲ್ ಸಿಕ್ಕಿಸಿ ಬಾಯಿಗಿಟ್ಟರೆ ಮರಿ ಮುಖ ತಿರುಗಿಸಿತು. ಮತ್ತೆ ಇಟ್ಟಳು. ಆಮೇಲೆ ಚೀಪಿತು ನೋಡಿ, ಪುಟ್ಟ ಬಾಲ ಪಟಪಟ ಅಲ್ಲಾಡಿತು. ಗಂಗಮ್ಮ ಆಗ ಅತ್ತಳು.

ಅದೇ ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದೆ. ಆ ತಾಯಿ ಸಿಗಲಿಲ್ಲ. ಈ ಅಂಕಣ ಓದುತ್ತಿದ್ದಾಳೋ ಏನೋ, ಇಲ್ಲೇ ಹೇಳಿಬಿಡುತ್ತೇನೆ.

ಹೆಣ್ಣಮ್ಮಾ, ಹೆಣ್ಣು. ನಿನ್ನೆ ನನ್ನ ಪಂಚೆಯ ಅಂಚು ತಿಂದಿದೆ.